ಏಳು ತಿಂಗಳು ಹಿಡಿದ ಒಂದು ಲೆಕ್ಕ

302ರಲ್ಲಿ 178 ಕಳೆದರೆ ಎಷ್ಟು?

2025ರ ಆಗಸ್ಟ್‌ನ ಒಂದು ಬೆಳಿಗ್ಗೆ ಐದನೇ ತರಗತಿಯ ಹುಡುಗಿಯೊಬ್ಬಳ ಸ್ಲೇಟಿನ ಮೇಲೆ ಈ ಲೆಕ್ಕ ಬರೆದುಕೊಟ್ಟೆ. ಅವಳು ಬೆರಳು ಮಡಿಸಿ, ತುಟಿ ಅಲ್ಲಾಡಿಸಿ, 276 ಎಂದು ಬರೆದು ತಂದಳು. ಉತ್ತರ ತಪ್ಪು. ಆದರೆ ಎಂಟರಲ್ಲಿ ಎರಡು ಹೋದರೆ ಆರು, ಏಳರಲ್ಲಿ ಸೊನ್ನೆ ಹೋದರೆ ಏಳು, ಮೂರರಲ್ಲಿ ಒಂದು ಹೋದರೆ ಎರಡು. ಅವಳಿಗೆ ಅವಳದೇ ಒಂದು ನಿಯಮವಿತ್ತು: ಮೇಲಿರಲಿ, ಕೆಳಗಿರಲಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು. ಇದು ದಡ್ಡತನವಲ್ಲ. ಯಾರೋ ಅರ್ಧ ಹೇಳಿಕೊಟ್ಟು ಎದ್ದು ಹೋದ ಪಾಠವನ್ನು ಮಗು ತಾನೇ ಪೂರ್ತಿ ಮಾಡಿಕೊಂಡಿತ್ತು.

ತೆಂಗಿನಗರಿಯ ಕಡ್ಡಿಗಳನ್ನು ತಂದು ಅವಳ ಪಕ್ಕ ಕೂತೆ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಹತ್ತು ಕಟ್ಟು ಸೇರಿಸಿ ನೂರರ ದೊಡ್ಡ ಕಟ್ಟು. ಅಂಥ ಮೂರು ದೊಡ್ಡ ಕಟ್ಟು, ಎರಡು ಬಿಡಿ ಕಡ್ಡಿ. ಎರಡರಲ್ಲಿ ಎಂಟು ತೆಗೆಯಲಾಗದು. ಹತ್ತರ ಮನೆಗೆ ಹೋದರೆ ಅಲ್ಲಿ ಸೊನ್ನೆ. ಹಾಗಾದರೆ ನೂರರ ಕಟ್ಟು ಬಿಚ್ಚಬೇಕು, ಅದರೊಳಗಿನ ಒಂದು ಹತ್ತರ ಕಟ್ಟನ್ನೂ ಬಿಚ್ಚಬೇಕು. ಎರಡು ಸಲ ಬಿಚ್ಚುವುದೇ ಈ ಲೆಕ್ಕದ ಗುಟ್ಟು. ಅದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಮಗುವಿನ ಕೈ ತಾನೇ ಬಿಚ್ಚಬೇಕು. ಅವಳು ಮೊದಲ ರಬ್ಬರ್ ಬ್ಯಾಂಡಿಗೆ ಬೆರಳು ಹಾಕಿದ್ದಳು.

ಅಷ್ಟರಲ್ಲಿ ಫೋನು. ಮುಖ್ಯ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ಅಂದು ಪ್ರಭಾರ ನನ್ನದು. ಸಮವಸ್ತ್ರ ಎಷ್ಟು ಮಕ್ಕಳಿಗೆ ತಲುಪಿದೆ, ಗಂಡೆಷ್ಟು ಹೆಣ್ಣೆಷ್ಟು, ವರ್ಗವಾರು ಎಷ್ಟು, ಹನ್ನೊಂದೂವರೆಯೊಳಗೆ ಕಳಿಸಿ, ತುರ್ತು. ಕಳಿಸಿದೆ. ಅದರಲ್ಲಿ ಒಂದು ಕಲಂ ಬಿಟ್ಟಿದ್ದೀರಿ ಎಂದು ಮತ್ತೆ ಕರೆ ಬಂತು. ತರಗತಿಗೆ ಮರಳುವ ಹೊತ್ತಿಗೆ ಊಟದ ಗಂಟೆ ಹೊಡೆದಿತ್ತು. ಕಡ್ಡಿಗಳು ನೆಲದ ಮೇಲೆಲ್ಲ ಹರಡಿದ್ದವು. ಎರಡನೇ ತರಗತಿಯ ಮಕ್ಕಳು ಅದರಲ್ಲಿ ಮನೆ ಕಟ್ಟುತ್ತಿದ್ದರು.

ಆ ಒಂದು ಲೆಕ್ಕ ಮುಗಿಯಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳ ಕಥೆ ಹೇಳಿದರೆ, ನಮ್ಮ ಸೀಮೆಯ ಸರ್ಕಾರಿ ಶಾಲೆಯ ಶಿಕ್ಷಕಿಯ ಮನಸ್ಸು ಎಲ್ಲಿ ಬೇಯುತ್ತದೆ ಎಂಬುದು ಓದುಗರಿಗೆ ತಿಳಿದೀತು.

ಚೆಂಡು ಹೂವಿನ ತಿಂಗಳು

ಜುಲೈ, ಆಗಸ್ಟ್‌ನಲ್ಲಿ ಗುಂಡ್ಲುಪೇಟೆಯ ಕಡೆ ಬಂದವರು ರಸ್ತೆಯ ಎರಡೂ ಬದಿಯ ಹೊಲಗಳನ್ನು ನೋಡಿ ಕಾರು ನಿಲ್ಲಿಸುತ್ತಾರೆ. ಸೂರ್ಯಕಾಂತಿಯ ಹಳದಿ, ಚೆಂಡು ಹೂವಿನ ಕೇಸರಿ. ಓಣಂ ಹತ್ತಿರವಾದಂತೆ ಕೇರಳದಿಂದ ಬಂದವರು ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಅದೇ ರಸ್ತೆಯಲ್ಲಿ ದಿನವೂ ಬಸ್ಸಿನಲ್ಲಿ ಹೋಗುತ್ತೇನೆ. ಕಿಟಕಿಯಿಂದ ನನ್ನ ಕಣ್ಣು ಹುಡುಕುವುದು ಹೂವನ್ನಲ್ಲ, ಸಾಲಿನ ನಡುವೆ ಬಾಗಿರುವ ಚಿಕ್ಕ ತಲೆಗಳನ್ನು.

ಹಾಜರಿ ಕೂಗುವಾಗ ಹೆಸರಿಗೆ ಉತ್ತರ ಬರದಿದ್ದರೆ ಪಕ್ಕದ ಮಗು ಹೇಳುತ್ತದೆ: "ಅವ್ಳು ಹೂ ಕುಯ್ಯಕ ಹೋಗವ್ಳ ಮಿಸ್." ಕಡ್ಡಿ ಹರಡಿದ ದಿನದ ಮರುವಾರ ಆ ಹುಡುಗಿಯ ಹೆಸರಿಗೂ ಇದೇ ಉತ್ತರ ಬಂತು. ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವ ಈ ಹೂವಿಗೆ ತೂಕದ ಮೇಲೆ ದುಡ್ಡು. ಅರಳಿದ್ದನ್ನು ಹೊತ್ತಿಗೆ ಸರಿಯಾಗಿ ಕುಯ್ಯದಿದ್ದರೆ ಹೊಲದಲ್ಲೇ ಹಾಳು. ಕೂಲಿಯವರು ಸಿಗದ ದಿನ ಮನೆಯ ಮಕ್ಕಳೇ ಕೂಲಿಯವರು. ಸಾಂಬಾರ್ ಈರುಳ್ಳಿ ಕೀಳುವಾಗಲೂ ಅಷ್ಟೇ.

ಇನ್ನೊಂದು ಕಾರಣ ಕಾಡು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಹುಲಿಯ ಹೆಜ್ಜೆ ಕಂಡ ದಿನ ಶಾಲೆಗೆ ಮಕ್ಕಳು ಬರುವುದಿಲ್ಲ, ಅವರನ್ನು ಬೈಯುವ ಹಾಗೂ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲಿಲ್ಲವೆಂಬ ಸಿಟ್ಟಿಗೆ ಊರವರು ಅರಣ್ಯ ಸಿಬ್ಬಂದಿಯನ್ನೇ ಬೋನಿನೊಳಗೆ ಕೂಡಿಹಾಕಿದ್ದರು. ದೊಡ್ಡವರೇ ಅಷ್ಟು ಕಂಗಾಲಾದರೆ, ಎರಡು ಮೈಲಿ ಹೊಲದ ದಾರಿಯಲ್ಲಿ ನಡೆದು ಬರುವ ಎಂಟು ವರ್ಷದ ಮಗುವಿನ ಪಾಡೇನು?

ಹಾಜರಿ ಪುಸ್ತಕದಲ್ಲಿ ಇವೆಲ್ಲಕ್ಕೂ ಇರುವುದು ಒಂದೇ ಗುರುತು, 'ಗೈ'. ಗೈರುಹಾಜರಿ. ಹೂವಿಗೆ ಹೋದದ್ದೂ ಗೈ, ಹುಲಿಗೆ ಹೆದರಿದ್ದೂ ಗೈ, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದದ್ದೂ ಗೈ. ಸತತವಾಗಿ ಗೈ ಬಿದ್ದರೆ ಕಾರಣ ಕೇಳಿ ನೋಟಿಸು ಬರುವುದು ನಮಗೆ.

ಊಟದ ತಟ್ಟೆಯ ಲೆಕ್ಕ

ನಮ್ಮ ಶಾಲೆಯಲ್ಲಿ ಏಳು ತರಗತಿ. ಕಾಯಂ ಶಿಕ್ಷಕರು ಮೂವರು, ಅತಿಥಿ ಶಿಕ್ಷಕಿ ಒಬ್ಬರು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಕಾಗದದ ಮೇಲೆ ನಮ್ಮ ಶಾಲೆ ಆ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಆದರೆ ಮಕ್ಕಳು 60 ಇದ್ದರೂ ತರಗತಿ ಏಳೇ. ನಾಲ್ಕು ಮತ್ತು ಐದನ್ನು ನಾನು ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳುತ್ತೇನೆ. ಒಬ್ಬರು ರಜೆ ಹಾಕಿದರೆ ಮೂರನೆಯದೂ ಅಲ್ಲಿಗೇ ಬರುತ್ತದೆ. 40 ನಿಮಿಷದ ಒಂದು ಅವಧಿಯನ್ನು ಮೂರಾಗಿ ಹಂಚಿದರೆ ಒಂದು ತರಗತಿಯ ಪಾಲಿಗೆ ಬರುವುದು 13 ನಿಮಿಷ.

ಆ 13 ನಿಮಿಷದಲ್ಲೂ ಅಡುಗೆಮನೆಯ ಕಡೆ ಒಂದು ಕಿವಿ ಇಟ್ಟಿರಬೇಕು. ಬಿಸಿಯೂಟದ ಬಗ್ಗೆ ನನಗೆ ಹಗುರವಾಗಿ ಮಾತನಾಡಲು ಬಾಯಿ ಬರುವುದಿಲ್ಲ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗುವಿನ ಕಣ್ಣು ಹತ್ತು ಗಂಟೆಗೆ ಹೇಗಿರುತ್ತದೆ, ಬಿಸಿ ಹಾಲು ಕುಡಿದ ಮೇಲೆ ಹೇಗೆ ಅರಳುತ್ತದೆ ಎಂದು ದಿನವೂ ನೋಡುವವಳು ನಾನು. 2013ರಲ್ಲಿ ಕ್ಷೀರಭಾಗ್ಯ ಬಂತು, ಆಮೇಲೆ ಮೊಟ್ಟೆ ಬಂತು, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ. ಇವೆಲ್ಲ ಬೇಕೇ ಬೇಕು.

ಬೇಸರವಿರುವುದು ಅದರ ಲೆಕ್ಕ ಇಡುವ ರೀತಿಯಲ್ಲಿ. ಒಂದು ಮೊಟ್ಟೆಗೆ ಸರ್ಕಾರ ಕೊಡುವುದು 6 ರೂಪಾಯಿ, ಬೇಯಿಸುವ ಅನಿಲ, ಸುಲಿಯುವ ಕೂಲಿ ಎಲ್ಲ ಅದರೊಳಗೇ ಆಗಬೇಕು. ಅಂಗಡಿಯಲ್ಲಿ ದರ ಅದಕ್ಕಿಂತ ಮೇಲೆ ಹೋದ ತಿಂಗಳು ವ್ಯತ್ಯಾಸ ಭರಿಸುವುದು ಮುಖ್ಯ ಶಿಕ್ಷಕರ ಜೇಬು. ಎಷ್ಟು ಮಕ್ಕಳು ಉಂಡರು, ಎಷ್ಟು ಮಂದಿ ಮೊಟ್ಟೆ ತಿಂದರು, ಎಷ್ಟು ಮಂದಿ ಬಾಳೆಹಣ್ಣು ತೆಗೆದುಕೊಂಡರು ಎಂದು ದಿನವೂ ಮೊಬೈಲಿನಲ್ಲಿ ತುಂಬಬೇಕು. ಅಕ್ಕಿ, ಬೇಳೆ, ಎಣ್ಣೆಯ ದಾಸ್ತಾನು ಪುಸ್ತಕ ಬೇರೆ. ಲೋಪವಾದರೆ ಅಮಾನತು. ಪಾಠ ಆಗದಿದ್ದರೆ ಯಾರೂ ಅಂದೇ ಕೇಳುವುದಿಲ್ಲ. ಮೊಟ್ಟೆಯ ಲೆಕ್ಕ ಸಂಜೆಯೊಳಗೆ ಹೋಗದಿದ್ದರೆ ಅಂದೇ ಫೋನು. ಯಾವುದನ್ನು ಕೇಳುತ್ತಾರೋ ಮನುಷ್ಯರು ಅದನ್ನೇ ಮೊದಲು ಮಾಡುತ್ತಾರೆ. ಹೀಗೆ ನಮಗೆ ಗೊತ್ತಿಲ್ಲದಂತೆಯೇ ಪಾಠ ನಮ್ಮ ದಿನದ ಕೊನೆಯ ಕೆಲಸವಾಗಿಬಿಟ್ಟಿದೆ.

ಹಾರ ಮತ್ತು ಪರೀಕ್ಷೆ

ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಕ್ಕೆ, ಮಕ್ಕಳು ಮನೆಯ ಹೊಲದ ಚೆಂಡು ಹೂವಿನ ಹಾರ ತಂದರು. ಆ ಹುಡುಗಿಯೂ ತಂದಿದ್ದಳು, ಅವಳೇ ಪೋಣಿಸಿದ್ದು. ಸರ್ವಪಲ್ಲಿ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ, ಕುದುರೆ ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದ ಕಥೆಯನ್ನು ಪ್ರತಿವರ್ಷ ಹೇಳುತ್ತೇನೆ. ನೂರು ವರ್ಷದ ಹಿಂದೆ ನಮ್ಮದೇ ಸೀಮೆಯಲ್ಲಿ ನಡೆದದ್ದು ಎಂದಾಗ ಮಕ್ಕಳ ಕಣ್ಣು ದೊಡ್ಡದಾಗುತ್ತದೆ.

ಈ ಸಲ ಆ ಕಥೆ ಹೇಳುವಾಗ ನನ್ನ ಗಂಟಲು ಕಟ್ಟಿತು. ನಾಲ್ಕು ದಿನ ಮೊದಲು, ಸೆಪ್ಟೆಂಬರ್ 1ರಂದು, ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು. ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು, ಆಗದಿದ್ದರೆ ಕೆಲಸ ಉಳಿಯದು. ಇಪ್ಪತ್ತು ವರ್ಷ ಪಾಠ ಮಾಡಿದವರು, ನಲವತ್ತೈದು ದಾಟಿದವರು ಈಗ ರಾತ್ರಿ ಅಡುಗೆ ಮುಗಿಸಿ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದೇವೆ. ಓದುವುದಕ್ಕೆ ನಮಗೆ ನಾಚಿಕೆಯಿಲ್ಲ. ಶಿಕ್ಷಕರು ಓದುತ್ತಲೇ ಇರಬೇಕು. ಆದರೆ ನಾವು ಸೇರಿದಾಗ ಇದ್ದ ನಿಯಮದ ಪ್ರಕಾರ ಪರೀಕ್ಷೆ ಬರೆದು, ಅರ್ಹತೆ ಪಡೆದೇ ಸೇರಿದವರು.

ಇದಕ್ಕೆ ಮೊದಲೇ ಇನ್ನೊಂದು ಗಾಯವಿದೆ. ಒಂದರಿಂದ ಏಳನೇ ತರಗತಿಗೆಂದು ನೇಮಕವಾದ ನಮ್ಮನ್ನು 2017ರ ವೃಂದ ಮತ್ತು ನೇಮಕಾತಿ ನಿಯಮ ಒಂದರಿಂದ ಐದಕ್ಕೆ ಸೀಮಿತ ಮಾಡಿತು. ಸೇವೆಯಲ್ಲಿದ್ದುಕೊಂಡೇ ಪದವಿ, ಬಿ.ಇಡಿ ಮುಗಿಸಿದವರಿಗೂ ಬಡ್ತಿಯ ಬಾಗಿಲು ಮುಚ್ಚಿದಂತಾಯಿತು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾಜ್ಯದ ಮೂಲೆಮೂಲೆಯ ಪ್ರಾಥಮಿಕ ಶಿಕ್ಷಕರು ಕೂತದ್ದು ಈ ನೋವಿಗೆ. 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೆಯ ಪಿಂಚಣಿಯೂ ಇಲ್ಲ. ಸಂಬಳ ಬರುತ್ತದಲ್ಲ, ಇನ್ನೇನು ಎಂದು ಕೇಳುವವರಿದ್ದಾರೆ. ಸಂಬಳ ಬರುತ್ತದೆ, ಅದಕ್ಕೆ ಕೃತಜ್ಞತೆಯೂ ಇದೆ. ಆದರೆ ನೀನು ಈವರೆಗೆ ಮಾಡಿದ್ದು ಲೆಕ್ಕಕ್ಕಿಲ್ಲ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದ್ದರೆ ತರಗತಿಯೊಳಗೆ ನಗುನಗುತ್ತಾ ಹೋಗುವುದು ಕಷ್ಟ.

ಮೀಟರ್ ಬೋರ್ಡಿನ ಕೆಳಗೆ

ಆ ಹುಡುಗಿ ಹೂವಿನ ಕೆಲಸ ಮುಗಿಸಿ ಮರಳಿದ್ದಳು. ದಸರಾ ರಜೆಗೆ ಮೊದಲು ಒಂದು ವಾರ ಸಿಕ್ಕಿತು. ಹತ್ತರ ಕಟ್ಟು ಬಿಚ್ಚುವುದು ಬಂತು: 52ರಲ್ಲಿ 38 ಕಳೆದು 14 ಎಂದು ಬರೆದಳು. ನಡುವೆ ಸೊನ್ನೆ ಬಂದರೆ ಮಾತ್ರ ಇನ್ನೂ ತಡವರಿಸುತ್ತಿದ್ದಳು. ರಜೆ ಕಳೆದು ಬಂದ ಮೇಲೆ ಕೂರೋಣ ಎಂದೆ.

ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಗಣತಿದಾರರು ನಾವೇ. 60 ಪ್ರಶ್ನೆಗಳು. ಮನೆಯ ವಿದ್ಯುತ್ ಮೀಟರಿನ ಲೆಕ್ಕದಲ್ಲಿ ಗುರುತು ಹಾಕಿ, ಬಾಗಿಲಿಗೆ ಚೀಟಿ ಅಂಟಿಸಿದ್ದರು. ಆ್ಯಪ್ ತೋರಿಸುವ ಜಾಗಕ್ಕೆ ಹೋದರೆ ಅಲ್ಲಿ ಬಾಳೆತೋಟ, ಹುಡುಕುವ ಮನೆ ಅರ್ಧ ಮೈಲಿ ಆಚೆ. ನೆಟ್‌ವರ್ಕ್ ಸಿಗದ ಕಡೆ ಮನೆಯವರನ್ನೇ ಸಿಗ್ನಲ್ ಇರುವ ದಿಣ್ಣೆಯ ಮೇಲಕ್ಕೆ ಕರೆದುಕೊಂಡು ಹೋಗಿ ಪ್ರಶ್ನೆ ಕೇಳಿದ್ದೇವೆ. ಕೂಲಿ ಬಿಟ್ಟು ಕೂತವರು "ಇನ್ನೆಷ್ಟವ ಮೇಡಂ?" ಎಂದಾಗ ಅವರ ಮುಖ ನೋಡಲು ಸಂಕಟವಾಗುತ್ತಿತ್ತು.

ಸಮೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಹಿಂದುಳಿದವರು ಎಷ್ಟು ಹಿಂದುಳಿದಿದ್ದಾರೆಂದು ಎಣಿಸದೆ ಸರ್ಕಾರಕ್ಕೆ ತಿಳಿಯುವುದು ಹೇಗೆ? ಮನೆಯವರ ಓದಿನ ಪ್ರಶ್ನೆಗೆ ಬಂದಾಗ ಮನೆ ಮನೆಯಲ್ಲೂ ನನಗೆ ಸಿಕ್ಕ ಉತ್ತರ ನಮ್ಮ ಶಾಲೆಗಳದೇ ಚರಿತ್ರೆಯಾಗಿತ್ತು: ಮೂರನೇ ಕ್ಲಾಸು, ಐದನೇ ಕ್ಲಾಸು, ಏಳು ಫೇಲು. ಅದನ್ನು ಬರೆದುಕೊಳ್ಳುತ್ತಿದ್ದ ಅದೇ ಹೊತ್ತಿನಲ್ಲಿ ನನ್ನ ಶಾಲೆಗೆ ಬೀಗ ಬಿದ್ದಿತ್ತು. ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ, ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ರಜೆ ಮುಂದುವರಿಯಿತು. ಖಾಸಗಿ ಶಾಲೆಯ ವ್ಯಾನುಗಳು ಎಂದಿನಂತೆ ಓಡಾಡುತ್ತಿದ್ದವು. ಓದಿನಲ್ಲಿ ಯಾರು ಹಿಂದುಳಿದಿದ್ದಾರೆಂದು ತಿಳಿಯಲು ಆ ಹಿಂದುಳಿದವರ ಮಕ್ಕಳ ಪಾಠವನ್ನೇ ನಿಲ್ಲಿಸಬೇಕಾಯಿತು. ಬೇರೆ ದಾರಿ ಹುಡುಕಲು ಸಾಧ್ಯವಿತ್ತು ಎಂದು ನಾನು ಈಗಲೂ ನಂಬುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುವುದು ಸ್ಪಷ್ಟವಾಗಿದೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚುವಂತಿಲ್ಲ. ಆ ಮೂರೇ ಸಾಕಷ್ಟು ಭಾರ. ಮತದಾರರ ಪಟ್ಟಿ ಹಿಡಿದು ವರ್ಷವಿಡೀ ಮನೆ ಸುತ್ತುವ ಬಿಎಲ್‌ಒಗಳಲ್ಲಿ ನಮ್ಮವರಿದ್ದಾರೆ. ಮತಗಟ್ಟೆಯ ರಾತ್ರಿಗಳು ನಮಗೆ ಹೊಸವಲ್ಲ. 2024ರ ಏಪ್ರಿಲ್ 26ರಂದು ನಮ್ಮ ಜಿಲ್ಲೆಯ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಮತಗಟ್ಟೆಯನ್ನೇ ಧ್ವಂಸ ಮಾಡಿದರು, 29ರಂದು ಮರುಮತದಾನವಾಯಿತು. 26ರ ರಾತ್ರಿ ಚುನಾವಣಾ ಕರ್ತವ್ಯದಲ್ಲಿದ್ದ ಪ್ರತಿಯೊಬ್ಬರ ಮನೆಯವರೂ ಫೋನು ಹಿಡಿದೇ ಕೂತಿದ್ದರು. ಮುಂದೆ ಜನಗಣತಿ ಇದೆ, ಅದರ ಉಲ್ಲೇಖ ದಿನ 2027ರ ಮಾರ್ಚ್ 1. ಮತ್ತೆ ಮನೆ ಮನೆ.

ಮಾದೇವ, ಮಹದೇವ

ನವೆಂಬರ್ ಇಡೀ ಹೋದದ್ದು ಒಂದು ಅಕ್ಷರಕ್ಕೆ. ಮಲೆ ಮಹದೇಶ್ವರನ ಸೀಮೆ ನಮ್ಮದು. ಮನೆಗೊಬ್ಬ ಮಾದೇವ, ಮಾದೇವಿ, ಮಾದಪ್ಪ, ಮಾದಮ್ಮ. ಜನನ ಪ್ರಮಾಣಪತ್ರದಲ್ಲಿ ಮಹದೇವ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾದೇವ, ಆಧಾರ್‌ನಲ್ಲಿ ಮಹಾದೇವ. ತಾಯಿ ಕರೆಯುವುದು ಮಾದ. ಸ್ಯಾಟ್ಸ್ ತಂತ್ರಾಂಶ, ಯು-ಡೈಸ್, ಈಗ ಅಪಾರ್ ಗುರುತಿನ ಸಂಖ್ಯೆ, ಎಲ್ಲ ಕಡೆ ಹೆಸರು ಒಂದೇ ಇರಬೇಕು. ಒಂದು ದೀರ್ಘ ತಪ್ಪಿದರೆ ಕಂಪ್ಯೂಟರ್ ಒಪ್ಪುವುದಿಲ್ಲ, ವಿದ್ಯಾರ್ಥಿವೇತನ ನಿಲ್ಲುತ್ತದೆ.

ತಿದ್ದುಪಡಿಗೆ ಅಪ್ಪ ಮಗುವನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೋಗಬೇಕು. ಅವನಿಗೆ ಒಂದು ದಿನದ ಕೂಲಿ ಹೋಯಿತು, ಮಗುವಿಗೆ ಒಂದು 'ಗೈ' ಬಿತ್ತು. ಅಲ್ಲಿ ಸರ್ವರ್ ಕೈಕೊಟ್ಟರೆ ಮರುದಿನ ಮತ್ತೆ. ಶಾಲೆಗೆ ಬಂದು ನನ್ನ ಮುಂದೆ ನಿಂತು, "ಮೂರು ಸಲ ಹೋಗಿ ಬಂದಿನಿ ಮೇಡಂ, ನೀವಾರ ಏನಾರ ಮಾಡಿ" ಎನ್ನುತ್ತಾನೆ. ನನ್ನ ಕೈಯಲ್ಲಿ ಏನೂ ಇಲ್ಲವೆಂದರೆ ಅವನು ನಂಬುವುದಿಲ್ಲ. ಅವನ ಪಾಲಿಗೆ ಸರ್ಕಾರ ಎಂದರೆ ಎದುರಿಗೆ ಕೂತಿರುವ ನಾನೇ.

ಹಾಡಿಗಳಿಂದ ಬರುವ ಮಕ್ಕಳ ಕಷ್ಟ ಇನ್ನೂ ಒಂದು ಪದರ ಆಳ. ಜೇನುಕುರುಬರ, ಸೋಲಿಗರ ಮಕ್ಕಳು ಮನೆಯಲ್ಲಿ ಆಡುವ ನುಡಿ ಬೇರೆ, ಪಠ್ಯಪುಸ್ತಕದ ಕನ್ನಡ ಬೇರೆ. ಒಂದನೇ ತರಗತಿಯಲ್ಲಿ ಆ ಮಗು ಮೂರು ತಿಂಗಳು ಬಾಯಿ ತೆರೆಯದಿದ್ದರೆ ಅದಕ್ಕೆ ಏನೂ ಬಾರದು ಎಂದಲ್ಲ, ಅದು ಕೇಳಿಸಿಕೊಳ್ಳುತ್ತಿದೆ ಎಂದು ಅರ್ಥ. ಕಾಯಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ದಶಕಗಳಿಂದ ಹಾಗೆ ಕಾದು ತೋರಿಸಿದೆ. ಸೋಲಿಗ ಸಮುದಾಯದಿಂದ ಬಂದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದಿದ್ದಾರೆ. ಕಾಯುವುದಕ್ಕೆ ಹೊತ್ತು ಬೇಕು. ಆ ಹೊತ್ತನ್ನೇ ನಾವು ಮಾದೇವನ ದೀರ್ಘ ತಿದ್ದಲು ಕಳೆಯುತ್ತೇವೆ.

ಊರಿನವರ ಮುಂದೆ

ಶಾಲೆಯ ಗೇಟಿನಾಚೆಯ ಬೇಸರಗಳು ಬೇರೆಯ ಥರ. ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನು ಬಂದು ಊರಿನ ಅರ್ಧ ಮಕ್ಕಳನ್ನು ಕಾನ್ವೆಂಟಿಗೆ ಕೊಂಡೊಯ್ಯುತ್ತದೆ. ಮೇ ತಿಂಗಳ ಬಿಸಿಲಲ್ಲಿ ದಾಖಲಾತಿ ಆಂದೋಲನಕ್ಕೆ ಮನೆ ಮನೆಗೆ ಹೋದಾಗ ಅಜ್ಜಿಯೊಬ್ಬರು ನೀರು ಕೊಟ್ಟು ಕೂರಿಸಿ ಕೇಳಿದರು: "ನಿಮ್ಮ್ ಮಕ್ಳು ಎಲ್ಲಿ ಓದವ್ವ?" ನನ್ನ ಮಗಳು ಖಾಸಗಿ ಶಾಲೆಯಲ್ಲಿ ಓದಿದವಳು. ಸುಳ್ಳು ಹೇಳಲಿಲ್ಲ. ಒಬ್ಬ ತಾಯಿಯಾಗಿ ನಾನು ಹೆದರಿದೆ, ಅವರೂ ಹೆದರುತ್ತಾರೆ. ಏಳು ತರಗತಿಗೆ ಮೂವರು ಶಿಕ್ಷಕರಿರುವ ಶಾಲೆಯನ್ನು ನಂಬಿ ಎಂದು ಕೇಳುವ ಹಕ್ಕು ನನಗೆ ಬರಬೇಕಾದರೆ ಮೊದಲು ಆ ಶಾಲೆ ತುಂಬಬೇಕು.

ಇನ್ನು ಕೆಲವರು ಹೇಳುವುದು: "ರಾಜ್‌ಕುಮಾರ್ ಎಷ್ಟ್ ಓದಿದ್ರು ಮೇಡಂ?" ಗಾಜನೂರು ನಮ್ಮ ಪಕ್ಕದ್ದೇ, ಸಿಂಗಾನಲ್ಲೂರು ನಮ್ಮ ಜಿಲ್ಲೆಯದೇ. ಅಣ್ಣಾವ್ರು ಎಳವೆಯಲ್ಲೇ ಶಾಲೆ ಬಿಟ್ಟದ್ದು ನಿಜ, 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದೂ ನಿಜ. ನಾನು ಹೇಳುವುದಿಷ್ಟೇ: ಶಾಲೆ ಬಿಟ್ಟ ಅವರು ಕಲಿಯುವುದನ್ನು ಬಿಡಲಿಲ್ಲ. ನಾಟಕ ಕಂಪನಿಯಲ್ಲಿ ಹೇಳಿಕೊಡುವವರು ಪಕ್ಕದಲ್ಲೇ ಕೂತಿದ್ದರು, ಒಂದು ಮಾತನ್ನು ಸರಿಯಾಗುವವರೆಗೆ ನೂರು ಸಲ ಹೇಳಿಸುತ್ತಿದ್ದರು. ನಿಮ್ಮ ಮಗುವಿಗೂ ಅಂಥ ಹೊತ್ತು ಬೇಕು, ಕಳಿಸಿ.

ಕೆಲವು ಖಾಲಿ ಬೆಂಚುಗಳ ಹಿಂದೆ ಹೇಳಲು ನಾಲಗೆ ತಡವರಿಸುವ ಕಾರಣವಿರುತ್ತದೆ. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಒಂದು ಶಾಲೆಯಿಂದ, ದಲಿತ ಮಹಿಳೆ ಅಡುಗೆ ಮಾಡುತ್ತಾರೆಂಬ ಕಾರಣಕ್ಕೆ ಪೋಷಕರು ಮಕ್ಕಳ ವರ್ಗಾವಣೆ ಪತ್ರ ಪಡೆದರು ಎಂದು ಪತ್ರಿಕೆಗಳು ಬರೆದವು. ಪೋಷಕರು ಅಲ್ಲಗಳೆದು, ಕಲಿಕೆ ಸರಿಯಿಲ್ಲ ಎಂದರು. ಸತ್ಯ ಯಾವುದೇ ಇರಲಿ, ಪಂಕ್ತಿಯಲ್ಲಿ ಒಟ್ಟಿಗೆ ಕೂತು ಉಣ್ಣುವ ಮಕ್ಕಳನ್ನು ಎಬ್ಬಿಸಿಕೊಂಡು ಹೋದವರು ದೊಡ್ಡವರು. ಸಮಾನತೆಯ ಪಾಠವನ್ನು ಬೋರ್ಡಿನ ಮೇಲೆ ಬರೆದ ಶಿಕ್ಷಕರಿಗೆ ಅದಕ್ಕಿಂತ ದೊಡ್ಡ ಸೋಲು ಬೇರೆಯಿಲ್ಲ.

ಮದುವೆಯ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಓದಿ ಹೈಸ್ಕೂಲಿಗೆ ಹೋದ ಹುಡುಗಿಗೆ ಗಂಡು ನೋಡುತ್ತಿದ್ದಾರೆಂದು ಅವಳ ತಂಗಿ ನನ್ನ ಕಿವಿಯಲ್ಲಿ ಹೇಳಿದಳು. ನಾನು 1098ಕ್ಕೆ ಫೋನು ಮಾಡಿದೆ. ಮದುವೆ ನಿಂತಿತು. ಆರು ತಿಂಗಳು ಆ ಬೀದಿಯಲ್ಲಿ ನನಗೆ ಯಾರೂ ನಮಸ್ಕಾರ ಹೇಳಲಿಲ್ಲ. ತಂಗಿಯನ್ನೂ ಶಾಲೆ ಬಿಡಿಸುತ್ತಾರೇನೋ ಎಂದು ದಿನವೂ ಗೇಟಿನ ಕಡೆ ನೋಡುತ್ತಿದ್ದೆ. ಬಿಡಿಸಲಿಲ್ಲ. ಅಕ್ಕ ಈಗ ಪಿಯುಸಿ ಓದುತ್ತಿದ್ದಾಳೆ.

ಕಾಡಿನ ಆಚೆ ಬದಿಯಲ್ಲಿ ಹುಟ್ಟಿದ್ದು

ಇಷ್ಟೆಲ್ಲ ಹೇಳಿದ್ದು ಅಳಲು ತೋಡಿಕೊಳ್ಳಲು ಮಾತ್ರವಲ್ಲ. ಶಿಕ್ಷಕರ ಕೈಗೆ ಹೊತ್ತು ಮತ್ತು ನಂಬಿಕೆ ಎರಡನ್ನೂ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹುಡುಕಬೇಕಿಲ್ಲ. ಬಂಡೀಪುರದ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ, ಸರ್ಕಾರಿ ಶಾಲೆಯ ಶಿಕ್ಷಕರ ಒಂದು ಗುಂಪು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ನಮ್ಮ ಮಕ್ಕಳಿಗೆ ತಕ್ಕ ಕಲಿಕಾ ಕಾರ್ಡುಗಳನ್ನು ತಾವೇ ಬರೆದರು. ಅದೇ ನಲಿ-ಕಲಿ. ಮಗು ತನ್ನ ವೇಗದಲ್ಲಿ ಏಣಿ ಹತ್ತಬೇಕು. ಒಂದು ವಾರ ಹೂವಿಗೆ ಹೋಗಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬೇಕು. ಮುಂದೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗೆ ಅದೇ ಪದ್ಧತಿಯಾಯಿತು.

ಅದನ್ನು ರೂಪಿಸಿದವರು ನಮ್ಮಂಥ ಶಿಕ್ಷಕರು. 2020ರ ಆಗಸ್ಟ್‌ನಲ್ಲಿ, ಕೋವಿಡ್‌ಗೆ ಶಾಲೆ ಮುಚ್ಚಿದ್ದಾಗ, ವಿದ್ಯಾಗಮ ಎಂದು ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದವರೂ ನಾವೇ. ಅದು ಅಕ್ಟೋಬರ್‌ನಲ್ಲಿ ನಿಂತಿತು. ಆದರೆ ಆ ಎರಡು ತಿಂಗಳು ಒಂದು ವರದಿಯೂ ಇಲ್ಲದೆ, ಹತ್ತು ಮಕ್ಕಳ ಜೊತೆ ಬರೀ ಪಾಠ ಮಾಡಿದ ಸುಖ ನನಗೆ ಇನ್ನೂ ನೆನಪಿದೆ.

1966ರಲ್ಲಿ ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ಶಿಕ್ಷಕರ ಸ್ಥಾನಮಾನ ಕುರಿತ ಶಿಫಾರಸು ಅಂಗೀಕರಿಸಿದವು. ಬೋಧನೆಯ ಹೊತ್ತು ಗೊತ್ತು ಮಾಡುವಾಗ ಪಾಠದ ತಯಾರಿಗೆ, ಮಕ್ಕಳು ಬರೆದದ್ದನ್ನು ನೋಡುವುದಕ್ಕೆ ಬೇಕಾದ ಹೊತ್ತನ್ನೂ ಎಣಿಸಬೇಕು ಎಂಬ ಮಾತು ಅದರಲ್ಲಿದೆ. ಅದು ಬಂದು ಅರವತ್ತು ವರ್ಷವಾಯಿತು. ನಾನು ಕೇಳುವುದೂ ಅಷ್ಟೇ. ತರಗತಿಗೊಬ್ಬರು ಶಿಕ್ಷಕರು. ವರದಿ ತುಂಬಲು ಕ್ಲಸ್ಟರಿಗೊಬ್ಬ ಗುಮಾಸ್ತ. ಹತ್ತರಿಂದ ನಾಲ್ಕರವರೆಗೆ ತುರ್ತು ಕರೆಯಿಲ್ಲದ ಶಾಲೆ. ಇವು ದುಬಾರಿ ಬೇಡಿಕೆಗಳಲ್ಲ.

ಫೆಬ್ರವರಿಯ ಕೊನೆ

ಡಿಸೆಂಬರ್‌ನಲ್ಲಿ ಆ ಹುಡುಗಿಯ ಅಪ್ಪ ಬಂದ. ಕೊಡಗಿನಲ್ಲಿ ಕಾಫಿ ಕುಯ್ಲು, ಗಂಡ ಹೆಂಡತಿ ಇಬ್ಬರೂ ಹೋಗಬೇಕು, ಮಗಳನ್ನು ಬಿಡಲು ಮನೆಯಲ್ಲಿ ಯಾರೂ ಇಲ್ಲ. "ಎಲ್ಡು ತಿಂಗ್ಳು ಮೇಡಂ, ಬಂದ್ಬುಡ್ತೀವಿ." ಇಲ್ಲೇ ಸಂಬಂಧಿಕರ ಮನೆಯಲ್ಲಿ ಬಿಡಿ ಎಂದೆ, ಆಗದಿದ್ದರೆ ಅಲ್ಲಿ ಹತ್ತಿರದ ಶಾಲೆಗೆ ಕಳಿಸಿ ಎಂದು ಚೀಟಿ ಬರೆದುಕೊಟ್ಟೆ. ಅವನು ತಲೆಯಾಡಿಸಿದ. ಚೀಟಿಯನ್ನು ಅಂಗಿಯ ಜೇಬಿನಲ್ಲಿ ಜೋಪಾನವಾಗಿ ಮಡಿಸಿಟ್ಟ.

ಫೆಬ್ರವರಿಯ ಕೊನೆಯಲ್ಲಿ ಒಂದು ಸೋಮವಾರ ಹಾಜರಿ ಕೂಗುವಾಗ ಅವಳ ಹೆಸರಿಗೆ ಉತ್ತರ ಬಂತು. ಸ್ವಲ್ಪ ಉದ್ದವಾಗಿದ್ದಳು. ಬೆರಳ ತುದಿಗಳು ಕಪ್ಪಾಗಿದ್ದವು. ಶಾಲೆಗೆ ಹೋದೆಯಾ ಎಂದು ಕೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಬೀರುವಿನಿಂದ ಕಡ್ಡಿಯ ಡಬ್ಬಿ ತೆಗೆದೆ. ಫೋನನ್ನು ಬ್ಯಾಗಿನಲ್ಲಿಟ್ಟು ಬ್ಯಾಗನ್ನು ಆಫೀಸು ಕೋಣೆಯಲ್ಲಿ ಬಿಟ್ಟು ಬಂದೆ. ನಾಲ್ಕನೇ ತರಗತಿಗೆ ಚಿತ್ರ ಬಿಡಿಸಲು ಹೇಳಿದೆ.

ಮೂರು ದೊಡ್ಡ ಕಟ್ಟು, ಎರಡು ಬಿಡಿ ಕಡ್ಡಿ. ಅವಳು ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ದೂರದಲ್ಲಿ ಆಫೀಸಿನ ಕಡೆಯಿಂದ ಫೋನು ಸದ್ದು ಮಾಡಿ ನಿಂತಿತು, ಮತ್ತೆ ಸದ್ದು ಮಾಡಿತು. ನಾನು ಏಳಲಿಲ್ಲ. ಅವಳು ದೊಡ್ಡ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡು ರಬ್ಬರ್ ಬ್ಯಾಂಡು ತೆಗೆದಳು. ಹತ್ತು ಚಿಕ್ಕ ಕಟ್ಟುಗಳನ್ನು ಸಾಲಾಗಿ ಇಟ್ಟಳು. ಒಂದು ಗಳಿಗೆ ನಿಂತು, ಅದರಲ್ಲೊಂದನ್ನು ಎತ್ತಿ, ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಅದನ್ನೂ ಬಿಚ್ಚಿದಳು.

ಎಂಟು ಕಡ್ಡಿ ತೆಗೆದಳು, ಏಳು ಕಟ್ಟು ತೆಗೆದಳು, ಒಂದು ದೊಡ್ಡ ಕಟ್ಟನ್ನು ನನ್ನ ಕಡೆ ತಳ್ಳಿದಳು. ಉಳಿದದ್ದನ್ನು ಎರಡು ಸಲ ಎಣಿಸಿದಳು.

"ನೂರಿಪ್ಪತ್ತ್ನಾಕು ಮಿಸ್."

ಸ್ಲೇಟನ್ನು ಲಂಗದ ಅಂಚಿನಿಂದ ಒರೆಸಿ ನನ್ನ ಮುಂದೆ ಹಿಡಿದಳು.

"ಇನ್ನೊಂದ್ ಲೆಕ್ಕ ಕೊಡಿ."